ಕಾರು ನಿಂತ ಮೇಲೆ ಒಳಗೆ ಯಾರೂ ಇರಬಾರದು

ಎಪ್ರಿಲ್ ಬಂತೆಂದರೆ ನಮ್ಮ ಮನೆಗಳ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಒಂದು ಸಂದೇಶ ತಪ್ಪದೆ ಬರುತ್ತದೆ. ಕಾರು ಹತ್ತಿದ ಕೂಡಲೇ ಎಸಿ ಹಾಕಬೇಡಿ, ಬಿಸಿಯಾದ ಡ್ಯಾಶ್‌ಬೋರ್ಡಿನಿಂದ ಬೆಂಜೀನ್ ಎಂಬ ವಿಷಾನಿಲ ಬರುತ್ತದೆ, ಅದರಿಂದ ಕ್ಯಾನ್ಸರ್ ಆಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ದುಬೈಯಲ್ಲಿರುವ ಮಗ ಊರಿನ ಉಮ್ಮನಿಗೆ ಕಳಿಸುತ್ತಾನೆ, ಉಮ್ಮ ಅದನ್ನು ತಂಗಿಗೆ ಕಳಿಸುತ್ತಾರೆ, ತಂಗಿಯಿಂದ ಇಡೀ ಕುಟುಂಬಕ್ಕೆ ತಲುಪುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ಈ ಸಂದೇಶ ನಾವು ಹೆದರಬೇಕಾದ ಜಾಗ ಬಿಟ್ಟು ಬೇರೆ ಕಡೆ ನಮ್ಮನ್ನು ಹೆದರಿಸುತ್ತಿದೆ.

ಬೆಂಜೀನ್ ಕ್ಯಾನ್ಸರ್ ತರುವ ರಾಸಾಯನಿಕ ಎಂಬುದು ನಿಜ. ಹೊಸ ಕಾರಿನ ಪ್ಲಾಸ್ಟಿಕ್, ಸೀಟಿನ ಬಟ್ಟೆ, ಅಂಟು ಬಿಸಿಯಾದಾಗ ಕೆಲವು ರಾಸಾಯನಿಕಗಳು ಗಾಳಿಗೆ ಸೇರುತ್ತವೆ ಎಂಬುದೂ ನಿಜ. ಆದರೆ ಆ ಸಂದೇಶದಲ್ಲಿ ಹೇಳುವ ದೊಡ್ಡ ದೊಡ್ಡ ಪ್ರಮಾಣಕ್ಕೆ ಆಧಾರವಿಲ್ಲ. ಕಾರು ಹತ್ತಿದ ಕೂಡಲೇ ಕಿಟಕಿ ತೆರೆಯಿರಿ ಎಂಬ ಸಲಹೆ ಮಾತ್ರ ಒಳ್ಳೆಯದು. ಅದಕ್ಕೆ ಕಾರಣ ಒಳಗೆ ತುಂಬಿದ ಬಿಸಿಗಾಳಿ.

ಕಾರಿನಲ್ಲಿ ಜೀವ ಹೋಗುವ ದಾರಿ ಬೇರೆಯೇ ಇದೆ. 2025ರ ಎಪ್ರಿಲ್‌ನಲ್ಲಿ ತೆಲಂಗಾಣದ ಚೇವೆಳ್ಳ ಬಳಿಯ ದಾಮರಗಿದ್ದ ಗ್ರಾಮದಲ್ಲಿ, ಮದುವೆ ಕಾರ್ಯಕ್ಕೆಂದು ಸಂಬಂಧಿಕರ ಮನೆಗೆ ಬಂದಿದ್ದ ಕುಟುಂಬದ ನಾಲ್ಕು ಮತ್ತು ಐದು ವರ್ಷದ ಇಬ್ಬರು ಹೆಣ್ಣುಮಕ್ಕಳು ನಿಲ್ಲಿಸಿದ್ದ ಕಾರಿನೊಳಗೆ ಸಿಲುಕಿ ತೀರಿಹೋದರು. ಒಂದೇ ತಿಂಗಳ ನಂತರ, ಮೇಯಲ್ಲಿ, ಆಂಧ್ರದ ವಿಜಯನಗರಂ ಬಳಿಯ ದ್ವಾರಪೂಡಿಯಲ್ಲಿ ಆಟವಾಡುತ್ತಾ ಕಾರಿನೊಳಗೆ ಹೋದ ನಾಲ್ವರು ಮಕ್ಕಳು ಹೊರಬರಲಾಗದೆ ಸತ್ತರು. ಗಲ್ಫ್‌ನಲ್ಲಿರುವ ನಮ್ಮವರಿಗೆ 2022ರ ಸೆಪ್ಟಂಬರ್‌ನ ಕತರ್ ಘಟನೆ ನೆನಪಿರಬಹುದು. ಅಲ್ ವಕ್ರಾದಲ್ಲಿ ಕೇರಳ ಮೂಲದ ಪುಟ್ಟ ಹುಡುಗಿ ಶಾಲಾ ಬಸ್ಸಿನಲ್ಲಿ ನಿದ್ದೆಹೋಗಿದ್ದಳು. ಯಾರೂ ನೋಡದೆ ಬಸ್ಸಿಗೆ ಬೀಗ ಹಾಕಿ ಹೋದರು. ಅಂದು ಅವಳ ನಾಲ್ಕನೇ ಹುಟ್ಟುಹಬ್ಬ.

ಈ ಮೂರೂ ಕಡೆ ವಾಹನ ನಿಂತಿತ್ತು, ಒಳಗೆ ಜೀವವಿತ್ತು. ಆದ್ದರಿಂದ ಈ ಬೇಸಿಗೆಯಲ್ಲಿ ನಮ್ಮ ಮನೆಗಳಿಗೆ ಒಂದೇ ನಿಯಮ ಸಾಕು: ಕಾರು ನಿಂತಿತೋ, ಎಲ್ಲರೂ ಇಳಿಯಬೇಕು.

ಸೆಕೆ ಬೇರೆ, ಬಿಸಿಲು ಬೇರೆ

ಈ ಮಾತನ್ನು ಕುಕನೂರಿನಿಂದ ಬರೆಯುವುದಕ್ಕೆ ಕಾರಣವಿದೆ. ವ್ಯಾಪಾರ, ನೌಕರಿ, ಮಕ್ಕಳ ಓದು ಎಂದು ಕರಾವಳಿಯವರು ಘಟ್ಟ ಹತ್ತಿ ಕೊಪ್ಪಳ, ಗದಗ, ಬಳ್ಳಾರಿ ಕಡೆಗೆ ಬರುವುದು ಹೊಸತಲ್ಲ. ಶಾಲೆಗೆ ರಜೆ ಸಿಕ್ಕಿದ ಕೂಡಲೇ ಹಂಪಿ, ಅಲ್ಲಿಂದ ಲಕ್ಕುಂಡಿ, ಇಟಗಿಯ ಮಹಾದೇವ ದೇವಾಲಯ ಎಂದು ಮಕ್ಕಳನ್ನು ಕರೆದುಕೊಂಡು ಬರುವ ಕುಟುಂಬಗಳೂ ಇವೆ. ಮಂಗಳೂರು, ಉಡುಪಿ ನೋಂದಣಿಯ ಕಾರು ಕಂಡರೆ ಮನಸ್ಸಿಗೆ ಖುಷಿ. ಆದರೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ನಿಂತ ಆ ಕಾರಿನ ಹಿಂದಿನ ಸೀಟಿನಲ್ಲಿ ಅಜ್ಜಿಯೋ ಮಗುವೋ ಕೂತಿದ್ದರೆ ಆ ಖುಷಿ ಉಳಿಯುವುದಿಲ್ಲ.

ಕರಾವಳಿಯ ನಮಗೆ ಗೊತ್ತಿರುವುದು ಸೆಕೆ. ಬೆವರು ಇಳಿಯುತ್ತದೆ, ಅಂಗಿ ಒದ್ದೆಯಾಗುತ್ತದೆ, ‘ಎಂಥ ಸೆಕೆ ಮಾರಾಯ’ ಎಂದು ಹೇಳಿ ಎರಡು ಲೋಟ ನೀರು ಕುಡಿಯುತ್ತೇವೆ. ಇಲ್ಲಿಯದು ಒಣ ಬಿಸಿಲು. ಬೆವರು ಬಂದಷ್ಟೇ ಬೇಗ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುವುದರಿಂದ ದೇಹದ ನೀರು ಖಾಲಿಯಾಗುತ್ತಿರುವುದು ಗೊತ್ತೇ ಆಗುವುದಿಲ್ಲ. ಬಾಯಾರಿಕೆ ಜೋರಾಗಿ ಗೊತ್ತಾಗುವ ಹೊತ್ತಿಗೆ ತಲೆನೋವು ಶುರುವಾಗಿರುತ್ತದೆ. ಹವಾಮಾನ ಇಲಾಖೆ ಕೂಡ ಬಿಸಿಗಾಳಿಯನ್ನು ಲೆಕ್ಕ ಹಾಕುವಾಗ ಕರಾವಳಿಗೆ 37 ಡಿಗ್ರಿಯನ್ನೂ ಬಯಲು ಸೀಮೆಗೆ 40 ಡಿಗ್ರಿಯನ್ನೂ ಕನಿಷ್ಠ ಮಿತಿ ಎಂದು ಇಟ್ಟುಕೊಂಡಿದೆ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ.

ಇಲ್ಲಿನವರು ಬಿಸಿಲಿಗೆ ತಕ್ಕಂತೆ ದಿನವನ್ನೇ ಹೊಂದಿಸಿಕೊಂಡಿದ್ದಾರೆ. ಎಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರಕಾರಿ ಕಚೇರಿಗಳ ಸಮಯವೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಗುತ್ತದೆ. ಅಂಗಡಿಯವರು ಊಟದ ಹೊತ್ತಿಗೆ ಶಟರ್ ಅರ್ಧ ಇಳಿಸುತ್ತಾರೆ. ಮಧ್ಯಾಹ್ನ ಬರುತ್ತೇನೆಂದು ಫೋನ್ ಮಾಡಿದರೆ ‘ಬಿಸಲು ಭಾಳ ಐತ್ರಿ, ಸಂಜಿ ಮುಂದ ಬರ್ರಿ’ ಎಂಬ ಉತ್ತರ ಬರುತ್ತದೆ. ಅವರು ಸೋಮಾರಿಗಳಾಗಿ ಹಾಗೆ ಹೇಳುವುದಲ್ಲ, ತಲೆಮಾರುಗಳಿಂದ ಬಿಸಿಲಿನ ಜತೆ ಬಾಳಿ ಕಲಿತದ್ದು.

ನಾವು ಮಾತ್ರ ಎಸಿಯ ಧೈರ್ಯದಲ್ಲಿ ಹೊರಡುತ್ತೇವೆ. ಸುಬಹಿ ನಮಾಝ್ ಮುಗಿಸಿ ಮಂಗಳೂರು ಬಿಟ್ಟರೆ ಕುಂದಾಪುರ, ಭಟ್ಕಳ, ಅಂಕೋಲಾ ದಾಟಿ, ಅರಬೈಲ್ ಘಾಟಿ ಹತ್ತಿ, ಯಲ್ಲಾಪುರದ ಕಾಡಿನ ನೆರಳಿನಲ್ಲಿ ಹಾಯಾಗಿ ಬಂದು ಹುಬ್ಬಳ್ಳಿ ಮುಟ್ಟುವಾಗ ನಡು ಮಧ್ಯಾಹ್ನ. ಅಲ್ಲಿಂದ ಅಣ್ಣಿಗೇರಿ, ಗದಗ, ಭಾನಾಪುರದವರೆಗೆ ಎರೆ ಭೂಮಿಯ ಬಯಲು. ಮರ ಕಡಿಮೆ, ನೆರಳು ಕಡಿಮೆ. ಅಂದರೆ ದಿನದ ಅತಿ ಬಿಸಿಯ ಹೊತ್ತಿನಲ್ಲಿ, ದಾರಿಯ ಅತಿ ಬಿಸಿಯ ಭಾಗದಲ್ಲಿ ನಾವಿರುತ್ತೇವೆ. ಅಲ್ಲೇ ಎಸಿ ಕೈಕೊಟ್ಟರೆ? ಕಿಟಕಿ ತೆರೆದರೆ ಬರುವುದು ಒಲೆಯ ಮುಂದಿನ ಗಾಳಿ. ಗಾಳಿ ನಮ್ಮ ಮೈಗಿಂತ ಬಿಸಿಯಾಗಿದ್ದಾಗ ಅದು ತಂಪು ಮಾಡುವುದಕ್ಕಿಂತ ಹೆಚ್ಚಾಗಿ ಮೈಯ ನೀರನ್ನೇ ಎಳೆಯುತ್ತದೆ.

ಆದ್ದರಿಂದ ಮೊದಲ ಎಚ್ಚರಿಕೆ ಕಾರಿಗಲ್ಲ, ಗಡಿಯಾರಕ್ಕೆ. ಚಿಕ್ಕ ಮಕ್ಕಳು, ವಯಸ್ಸಾದವರು ಜತೆಗಿದ್ದರೆ ಹುಬ್ಬಳ್ಳಿಯಲ್ಲಿ ಊಟ ಮಾಡಿ, ಅಸರ್ ತನಕ ವಿಶ್ರಾಂತಿ ತೆಗೆದುಕೊಂಡು, ಬಿಸಿಲು ಇಳಿದ ಮೇಲೆ ಹೊರಡಿ. ಎರಡು ಗಂಟೆ ತಡವಾದರೆ ಯಾರದ್ದೂ ಗಂಟು ಹೋಗುವುದಿಲ್ಲ.

ಎಸಿಯನ್ನು ಬಳಸುವ ಕ್ರಮ

ಎಸಿ ಹಾಕುವುದು ತಪ್ಪಲ್ಲ. 42 ಡಿಗ್ರಿಯ ಬಿಸಿಲಿನಲ್ಲಿ ಡೀಸೆಲ್ ಉಳಿಸುತ್ತೇನೆಂದು ಎಸಿ ಹಾಕದೆ ಮಗುವನ್ನೂ ಮುದುಕರನ್ನೂ ಕೂರಿಸಿಕೊಂಡು ಹೋಗುವುದೇ ತಪ್ಪು. ಬಳಸುವ ಕ್ರಮ ಗೊತ್ತಿದ್ದರೆ ಸಾಕು.

ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಗಾಳಿ ಹೊರಗಿಗಿಂತ ಹೆಚ್ಚು ಬಿಸಿ. ಆದ್ದರಿಂದ ಮೊದಲು ನಾಲ್ಕೂ ಬಾಗಿಲು ಅಥವಾ ಕಿಟಕಿ ತೆರೆದು ಆ ಗಾಳಿ ಹೊರಗೆ ಹೋಗಲು ಬಿಡಿ. ಸೀಟು, ಬೆಲ್ಟಿನ ಲೋಹದ ಕೊಂಡಿ ಮುಟ್ಟಿ ನೋಡಿ, ಆಮೇಲೆ ಮಗುವನ್ನು ಕೂರಿಸಿ. ಕಾರು ಹೊರಟು ಒಂದೆರಡು ನಿಮಿಷ ಕಿಟಕಿ ಸ್ವಲ್ಪ ತೆರೆದೇ ಇರಲಿ, ಎಸಿ ಚಾಲು ಮಾಡಿ, ನಂತರ ಕಿಟಕಿ ಮುಚ್ಚಿ. ಮುಚ್ಚಿದ ಮೇಲೆ ಒಳಗಿನ ಗಾಳಿಯನ್ನೇ ಮತ್ತೆ ತಂಪು ಮಾಡುವ ಗುಂಡಿ ಒತ್ತಿ. ಕಾರಿನ ಚಿತ್ರದೊಳಗೆ ಬಾಣ ಸುತ್ತುವ ಗುರುತಿನ ಗುಂಡಿ ಅದು. ಹೀಗೆ ಮಾಡಿದರೆ ಬೇಗ ತಂಪಾಗುತ್ತದೆ.

ಆದರೆ ಅದೇ ಗುಂಡಿಯನ್ನು ಕುಕನೂರಿನವರೆಗೂ ಒತ್ತಿಟ್ಟುಕೊಂಡು ಬರಬೇಡಿ. ಏಳು ಮಂದಿ ಕೂತ ಕಾರಿನಲ್ಲಿ ಉಸಿರಾಡಿದ ಗಾಳಿಯೇ ಸುತ್ತುತ್ತಿದ್ದರೆ ಇಂಗಾಲದ ಡೈಆಕ್ಸೈಡ್ ಏರುತ್ತದೆ. ತಲೆ ಭಾರವಾಗುತ್ತದೆ, ಡ್ರೈವರ್‌ಗೆ ತೂಕಡಿಕೆ ಬರುತ್ತದೆ. ಬಿರಿಯಾನಿ ಊಟದ ನಂತರದ ನಿದ್ದೆ ಎಂದು ನಾವು ತಿಳಿಯುವುದರಲ್ಲಿ ಇದರ ಪಾಲೂ ಇರಬಹುದು. ಅರ್ಧ ಗಂಟೆಗೊಮ್ಮೆ ಕೆಲವು ನಿಮಿಷ ಹೊರಗಿನ ಗಾಳಿ ಒಳಬರುವಂತೆ ಬದಲಾಯಿಸಿ.

ಒಳಗೆ ತಂಪಾದ ಮೇಲೆ 24-25 ಡಿಗ್ರಿ ಸಾಕು. ಫ್ರಿಡ್ಜಿನಂತೆ ತಂಪು ಮಾಡಿ, ಅಲ್ಲಿಂದ ಸೀದಾ ಉರಿಬಿಸಿಲಿಗೆ ಇಳಿದರೆ ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಕಷ್ಟ. ತಂಪು ಗಾಳಿ ಮಗುವಿನ ಮುಖಕ್ಕೆ ನೇರ ಬಡಿಯದಂತೆ ಕಿಂಡಿಯನ್ನು ಮೇಲಕ್ಕೆ ತಿರುಗಿಸಿ. ತಂಪಿನಲ್ಲಿ ಕೂತರೆ ಬಾಯಾರಿಕೆ ಗೊತ್ತಾಗುವುದಿಲ್ಲ, ಆದ್ದರಿಂದ ನೀರನ್ನು ನೆನಪು ಮಾಡಿ ಮಾಡಿ ಕೊಡಬೇಕು.

ಹೊರಡುವ ಮುನ್ನ ಗ್ಯಾರೇಜಿನಲ್ಲಿ ಎಸಿಯ ಕ್ಯಾಬಿನ್ ಫಿಲ್ಟರ್, ರೇಡಿಯೇಟರ್‌ನ ಕೂಲೆಂಟ್, ಫ್ಯಾನ್ ನೋಡಿಸಿ. ಬಯಲು ಸೀಮೆಯ ಧೂಳಿಗೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಆಗ ಎಸಿ ಓಡುತ್ತಿದ್ದರೂ ಗಾಳಿ ಬರುವುದಿಲ್ಲ. ವರ್ಷ ವರ್ಷ ಗ್ಯಾಸ್ ತುಂಬಿಸಲೇಬೇಕು ಎಂಬ ಮಾತನ್ನು ನಂಬಬೇಡಿ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ಪ್ರತಿ ಬೇಸಿಗೆಗೂ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರಿಕೆ ಇದೆ. ಸೋರಿಕೆ ಹುಡುಕಿಸಿ ಸರಿಮಾಡಿಸಿ. ಘಾಟಿ ಹತ್ತುವಾಗ ಇಂಜಿನ್ ಬಿಸಿಯ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ, ಬದಿಗೆ ನಿಲ್ಲಿಸಿ, ಎಲ್ಲರೂ ಇಳಿದು ನೆರಳಿಗೆ ಹೋಗಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ.

‘ಎರಡು ನಿಮಿಷ, ಈಗ ಬಂದೆ’

ಹೆಚ್ಚಿನ ಅಪಾಯ ಈ ಒಂದು ಮಾತಿನಲ್ಲಿದೆ. ಬೇಕರಿಯ ಮುಂದೆ, ಎಟಿಎಂ ಮುಂದೆ, ಮೀನು ಮಾರ್ಕೆಟಿನಲ್ಲಿ ನಾವೆಲ್ಲ ಹೇಳುವ ಮಾತು. ಮಗು ನಿದ್ದೆ ಮಾಡುತ್ತಿದೆ, ಎಬ್ಬಿಸುವುದು ಬೇಡ, ಎಸಿಯಲ್ಲಿ ತಂಪಾಗಿಯೇ ಇದೆ ಎಂದು ಬಾಗಿಲು ಹಾಕಿ ಹೋಗುವುದು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವೈದ್ಯರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಲ್ಲಿಸಿದ ಕಾರಿನೊಳಗಿನ ಶಾಖ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್ ಏರಿತ್ತು. ಅದರ ಶೇ. 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲೇ ಆಗಿತ್ತು. ಕಿಟಕಿಯನ್ನು ಸ್ವಲ್ಪ ಇಳಿಸಿ ಇಟ್ಟರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಿಲ್ಲಿಸುವ ಮುನ್ನ ಎಸಿ ಹಾಕಿ ತಂಪು ಮಾಡಿದ್ದರೆ ಸಿಕ್ಕಿದ್ದು ಸುಮಾರು ಐದು ನಿಮಿಷದ ವಿಳಂಬ ಮಾತ್ರ. ನಾವು ನಂಬುವ ‘ತಂಪಾಗಿಯೇ ಇದೆ’ ಎಂಬುದರ ಆಯುಷ್ಯ ಅಷ್ಟೇ.

2018ರಲ್ಲಿ ಅರಿಝೋನಾದ ಸಂಶೋಧಕರು ಇಲ್ಲಿನಂಥದ್ದೇ ಬಿಸಿಲಿನಲ್ಲಿ ಕಾರುಗಳನ್ನು ನಿಲ್ಲಿಸಿ ಅಳೆದರು. ಒಂದು ಗಂಟೆಯಲ್ಲಿ ಒಳಗಿನ ಗಾಳಿ ಸರಾಸರಿ 47 ಡಿಗ್ರಿ, ಡ್ಯಾಶ್‌ಬೋರ್ಡ್ 69, ಸ್ಟೀರಿಂಗ್ 53, ಸೀಟು 51 ಡಿಗ್ರಿ ಆಗಿತ್ತು. ನೆರಳಿನಲ್ಲಿ ನಿಲ್ಲಿಸಿದರೂ ಒಳಗೆ 38 ಡಿಗ್ರಿ. ನೆರಳು ತಡಮಾಡುತ್ತದೆ, ತಪ್ಪಿಸುವುದಿಲ್ಲ. ಮಗುವಿನ ಮೈ ದೊಡ್ಡವರದ್ದಕ್ಕಿಂತ ಮೂರರಿಂದ ಐದು ಪಟ್ಟು ಬೇಗ ಬಿಸಿಯಾಗುತ್ತದೆ. ದೇಹದ ಶಾಖ 40 ಡಿಗ್ರಿ ದಾಟಿದರೆ ಅದು ಜೀವಕ್ಕೇ ಕುತ್ತು.

ಮಲ್ಪೆಯಿಂದಲೋ ಮಂಗಳೂರು ದಕ್ಕೆಯಿಂದಲೋ ಮೀನು ಘಟ್ಟ ಹತ್ತಿಸುವಾಗ ನಾವು ಬಾಕ್ಸಿಗೆ ಐಸ್ ಎಷ್ಟು, ಎಲ್ಲಿ ಮತ್ತೆ ತುಂಬಬೇಕು ಎಂದು ಲೆಕ್ಕ ಹಾಕುವವರು. ಬಂಗುಡೆಗೆ ಹಾಕುವ ಲೆಕ್ಕವನ್ನು ಮಕ್ಕಳಿಗೂ ಹಾಕಿದರೆ ಸಾಕು.

‘ಇಂಜಿನ್ ಆಫ್ ಮಾಡುವುದಿಲ್ಲ, ಎಸಿ ಓಡುತ್ತಾ ಇರುತ್ತದೆ, ಆಗ ಎಂಥ ತೊಂದರೆ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ತೆರೆದ ಜಾಗದಲ್ಲಿ, ಕಾರು ಓಡಿಸಲು ಬಲ್ಲ ದೊಡ್ಡವರೊಬ್ಬರು ಎಚ್ಚರದಲ್ಲಿ ಒಳಗೇ ಇದ್ದರೆ ಕೆಲವು ನಿಮಿಷ ಹಾಗಿರಬಹುದು. ಮಕ್ಕಳನ್ನು ಮಾತ್ರ, ಇಲ್ಲವೇ ಕಾರಿನ ಗುಂಡಿ ಯಾವುದೆಂದು ಗೊತ್ತಿಲ್ಲದ ಹಿರಿಯರನ್ನು ಮಾತ್ರ ಬಿಟ್ಟು ಹೋಗುವಂತಿಲ್ಲ. ನಿಂತಲ್ಲಿ ಎಸಿಯ ತಂಪು ಓಡುವಾಗಿನಷ್ಟು ಇರುವುದಿಲ್ಲ. ಇಂಜಿನ್ ಬಿಸಿಯಾಗಿ ನಿಲ್ಲಬಹುದು. ಮಗು ಗೇರ್ ಎಳೆಯಬಹುದು. ಇಂಜಿನ್ ನಿಂತಾಗ ಹಿಂದಿನ ಸೀಟಿನ ಉಮ್ಮನಿಗೆ ಕಿಟಕಿ ಇಳಿಸಲೂ ಬರುವುದಿಲ್ಲ, ಬಾಗಿಲಿಗೆ ಚೈಲ್ಡ್ ಲಾಕ್ ಬಿದ್ದಿರುತ್ತದೆ.

ನಿದ್ದೆ, ಎಸಿ, ಹೊಗೆ

ವಿಮಾನ ನಿಲ್ದಾಣಕ್ಕೆ ಬೇಗ ಬಂದು ಪಾರ್ಕಿಂಗ್‌ನಲ್ಲಿ ಎಸಿ ಹಾಕಿ ಮಲಗುವುದು, ದೂರದ ದಾರಿಯಲ್ಲಿ ಸುಸ್ತಾಗಿ ಬದಿಗೆ ನಿಲ್ಲಿಸಿ ಒಂದು ಗಂಟೆ ಕಣ್ಣು ಮುಚ್ಚುವುದು ನಮ್ಮ ಹುಡುಗರಿಗೆ ಅಭ್ಯಾಸ. ಇಲ್ಲಿ ಅಪಾಯ ಎಸಿಯ ಗಾಳಿಯದ್ದಲ್ಲ, ಇಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ನದ್ದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುತ್ತದೆ. ಮಲಗಿದವನಿಗೆ ಉಸಿರು ಕಟ್ಟಿದಂತೆ ಕೂಡ ಅನಿಸುವುದಿಲ್ಲ, ನಿದ್ದೆಯಲ್ಲೇ ಹೋಗುತ್ತಾನೆ.

ನಮ್ಮ ಪಕ್ಕದ ಮಲಬಾರಿನಲ್ಲೇ, 2024ರ ಡಿಸೆಂಬರ್‌ನಲ್ಲಿ, ವಡಕರದ ರಸ್ತೆಬದಿಯಲ್ಲಿ ನಿಂತಿದ್ದ ಕಾರವಾನ್ ವಾಹನದೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಎಸಿಗಾಗಿ ಓಡಿಸಿದ್ದ ಜನರೇಟರ್‌ನ ಹೊಗೆ ಒಳಗೆ ಸೇರಿದ್ದೇ ಕಾರಣ ಎಂದು ತನಿಖೆಯಲ್ಲಿ ಗೊತ್ತಾಯಿತು. ವಾಹನ ನಿಂತದ್ದು ಜನ ಓಡಾಡುವ ರಸ್ತೆಯ ಬದಿಯಲ್ಲಿ. ಒಳಗೇನಾಯಿತೆಂದು ಹೊರಗಿನವರಿಗೆ ತಿಳಿಯಲಿಲ್ಲ.

ಹಾಗಾಗಿ ಮುಚ್ಚಿದ ಗ್ಯಾರೇಜಿನಲ್ಲಿ, ಶಟರ್ ಇಳಿಸಿದ ಶೆಡ್ಡಿನಲ್ಲಿ, ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಇಂಜಿನ್ ಚಾಲು ಇಟ್ಟು ಕೂರಲೇಬೇಡಿ. ಸೈಲೆನ್ಸರ್‌ನ ಬಾಯಿ ಗೋಡೆಗೋ ಮಣ್ಣಿನ ದಿಬ್ಬಕ್ಕೋ ತಾಗುವಂತೆ ನಿಲ್ಲಿಸಬೇಡಿ. ಸೈಲೆನ್ಸರ್ ಸದ್ದು ಬದಲಾಗಿದ್ದರೆ, ಕಾರಿನೊಳಗೆ ಹೊಗೆ ವಾಸನೆ ಬರುತ್ತಿದ್ದರೆ ರಿಪೇರಿ ಆಗುವ ತನಕ ದೂರ ಪ್ರಯಾಣ ಬೇಡ. ನಿದ್ದೆ ಬಂದರೆ ಇಂಜಿನ್ ಆಫ್ ಮಾಡಿ, ಇಳಿದು, ಮಸೀದಿಯ ಜಗಲಿಯಲ್ಲೋ ಮರದಡಿಯಲ್ಲೋ ಮಲಗಿ. ದಾರಿಯಲ್ಲಿ ಮಸೀದಿಗಳಿಗೆ ಬರವಿಲ್ಲ.

ಮದುವೆ ಹಾಲಿನ ಅಂಗಳ

ದಾಮರಗಿದ್ದ, ದ್ವಾರಪೂಡಿಯಲ್ಲಿ ಮಕ್ಕಳನ್ನು ಯಾರೂ ಕಾರಿನಲ್ಲಿ ಬಿಟ್ಟು ಹೋಗಿರಲಿಲ್ಲ. ಲಾಕ್ ಆಗದ ಕಾರಿನೊಳಗೆ ಮಕ್ಕಳೇ ಹೋದದ್ದು. ನಮ್ಮ ನಿಕಾಹ್, ವಲೀಮಾಗಳ ಕಾಲವೂ ಇದೇ ಎಪ್ರಿಲ್-ಮೇ. ಹಾಲಿನ ಅಂಗಳದಲ್ಲಿ ನೂರಾರು ಕಾರು, ಅವುಗಳ ನಡುವೆ ಓಡಾಡುವ ಮಕ್ಕಳು. ಉಮ್ಮ ತಿಳಿಯುತ್ತಾರೆ ಮಗು ಉಪ್ಪನ ಹತ್ತಿರ ಇದೆ ಎಂದು, ಉಪ್ಪ ತಿಳಿಯುತ್ತಾರೆ ಹೆಂಗಸರ ಕಡೆ ಇದೆ ಎಂದು. ಗಂಡಸರ ಊಟ ಒಂದು ಕಡೆ, ಹೆಂಗಸರ ಊಟ ಇನ್ನೊಂದು ಕಡೆ ಇರುವ ನಮ್ಮ ಸಮಾರಂಭಗಳಲ್ಲಿ ಈ ತಪ್ಪು ಲೆಕ್ಕಕ್ಕೆ ಜಾಗ ಹೆಚ್ಚು.

ಆದ್ದರಿಂದ ಮನೆಯ ಅಂಗಳದಲ್ಲಿ ನಿಂತ ಕಾರನ್ನೂ ಲಾಕ್ ಮಾಡಿ, ಕೀಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿಡಿ. ಲಾಕ್ ಮಾಡುವ ಮುನ್ನ ಹಿಂದಿನ ಸೀಟು, ಡಿಕ್ಕಿ ನೋಡಿ. ಮದುವೆ ಮನೆಯಲ್ಲಿ ಅಂಗಳ ನೋಡಿಕೊಳ್ಳಲು ಒಬ್ಬ ಹುಡುಗನನ್ನು ನೇಮಿಸಿ. ಊಟ ಬಡಿಸಲು ಹತ್ತು ಮಂದಿ ಇರುವಾಗ ಇದಕ್ಕೊಬ್ಬ ಸಿಗುತ್ತಾನೆ. ಮಗು ಕಾಣಿಸದಿದ್ದರೆ ಬಾವಿಯಲ್ಲಿ ಹುಡುಕುವಾಗಲೇ ಇನ್ನಿಬ್ಬರು ಕಾರುಗಳಲ್ಲೂ ಹುಡುಕಲಿ. ನಾಲ್ಕೈದು ವರ್ಷದ ಮಕ್ಕಳಿಗೆ ಎರಡು ವಿಷಯ ಕಲಿಸಿ: ಒಳಗೆ ಸಿಕ್ಕಿಬಿದ್ದರೆ ಹಾರ್ನ್ ಒತ್ತುತ್ತಾ ಇರಬೇಕು, ಮುಂದಿನ ಸೀಟಿಗೆ ಹೋಗಿ ಬಾಗಿಲ ಹಿಡಿ ಎಳೆಯಬೇಕು. ಚೈಲ್ಡ್ ಲಾಕ್ ಇರುವುದು ಹಿಂದಿನ ಬಾಗಿಲುಗಳಿಗೆ, ಮುಂದಿನದು ಹೆಚ್ಚಿನ ಕಾರುಗಳಲ್ಲಿ ಒಳಗಿನಿಂದ ತೆರೆಯುತ್ತದೆ.

ಯಾರದೇ ಕಾರಿನೊಳಗೆ ಮಗು ಒಂಟಿಯಾಗಿ ಸುಸ್ತಾಗಿರುವುದು ಕಂಡರೆ ‘ನಮಗ್ಯಾಕೆ’ ಎಂದು ಹೋಗಬೇಡಿ. ಯಜಮಾನನನ್ನು ಕೂಗಿ, 112ಕ್ಕೆ ಫೋನ್ ಮಾಡಿ. ಮಗುವಿಗೆ ಪ್ರಜ್ಞೆ ತಪ್ಪುತ್ತಿದ್ದರೆ ಮಗುವಿನಿಂದ ದೂರವಿರುವ ಕಿಟಕಿಯ ಗಾಜು ಒಡೆಯಿರಿ. ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಹಾಕುತ್ತಾ ಗಾಳಿ ಬೀಸಿ, 108 ಕರೆಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಬಿಸಿಲಿಗೆ ಬಳಲಿದವರು ತಡವರಿಸಿ ಮಾತಾಡಿದರೆ, ಮೈ ಸುಡುತ್ತಿದ್ದರೆ, ಫಿಟ್ಸ್ ಬಂದರೆ ಅದು ಆಸ್ಪತ್ರೆಯ ಕೇಸು. ಮಜ್ಜಿಗೆ ಕುಡಿಸಿ ಮಲಗಿಸುವ ವಿಷಯವಲ್ಲ.

ಮಸೀದಿಯ ಒಳಗೆ ಎಸಿ, ಹೊರಗೆ ಉಮ್ಮ

ಈಗ ನಾವು ಬಾಯಿಬಿಟ್ಟು ಹೇಳದ ಒಂದು ವಿಷಯ. ಕುಟುಂಬ ಸಮೇತ ಪ್ರಯಾಣದಲ್ಲಿ ಲುಹರ್ ಹೊತ್ತಿಗೆ ಹೆದ್ದಾರಿ ಬದಿಯ ಮಸೀದಿಯ ಮುಂದೆ ಕಾರು ನಿಲ್ಲುತ್ತದೆ. ಗಂಡಸರು ಇಳಿದು ವುಝೂ ಮಾಡಿ, ತಂಪು ನೀರು ಕುಡಿದು, ಫ್ಯಾನಿನಡಿ ಅಥವಾ ಎಸಿಯಲ್ಲಿ ನಮಾಝ್ ಮಾಡುತ್ತಾರೆ. ಹೆಂಗಸರು, ಮಕ್ಕಳು ಕಾರಿನಲ್ಲಿ. ಹೆಚ್ಚಿನ ಕಡೆ ಅವರಿಗೆ ಇಳಿಯಲು ಜಾಗವಿಲ್ಲ, ಕೂರಲು ಕೋಣೆಯಿಲ್ಲ, ಶೌಚಾಲಯವಿಲ್ಲ. ಶುಕ್ರವಾರವಾದರೆ ಖುತ್ಬಾ ಸೇರಿ ಮುಕ್ಕಾಲು ಗಂಟೆ. ದಿನದ ಅತಿ ಸುಡುವ ಮುಕ್ಕಾಲು ಗಂಟೆ ಅದು. ಶೌಚಾಲಯ ಸಿಗುವುದಿಲ್ಲ ಎಂದು ನಮ್ಮ ಹೆಂಗಸರು ಪ್ರಯಾಣದಲ್ಲಿ ನೀರೇ ಕುಡಿಯುವುದಿಲ್ಲ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಇದಕ್ಕೆ ಧರ್ಮವನ್ನು ಕಾರಣ ಮಾಡುವ ಹಾಗಿಲ್ಲ. ದೂರ ಪ್ರಯಾಣಿಕರಿಗೆ ಶಾಫಿಈ ಮದ್‌ಹಬಿನಲ್ಲಿ ಜಮ್ಅ್ ಮತ್ತು ಖಸ್ರ್‌ನ ವಿನಾಯಿತಿ ಇದೆ. ಲುಹರನ್ನು ಅಸರ್ ಜತೆ ಸೇರಿಸಿ, ಬಿಸಿಲು ಇಳಿದ ಮೇಲೆ ನಿರ್ವಹಿಸಬಹುದು. ಫಜ್ರ್‌ಗೆ ಮುಂಚೆಯೇ ಊರು ಬಿಟ್ಟ ಪ್ರಯಾಣಿಕನ ಮೇಲೆ ಜುಮಾ ಕಡ್ಡಾಯವಲ್ಲ. ನಿಯ್ಯತ್ತು, ದೂರ ಮುಂತಾದ ವಿವರಗಳನ್ನು ಹೊರಡುವ ಮುನ್ನ ನಿಮ್ಮ ಉಸ್ತಾದರಲ್ಲಿ ಕೇಳಿಕೊಳ್ಳಿ. ಅಲ್ಲಾಹನು ಕೊಟ್ಟ ಸುಲಭವನ್ನು ಬಿಟ್ಟು ಹೆಂಡತಿ ಮಕ್ಕಳನ್ನು ಬಿಸಿಲಿಗೆ ಹಾಕುವುದರಲ್ಲಿ ಯಾವ ಪುಣ್ಯವೂ ಇಲ್ಲ. ಬೆಕ್ಕೊಂದನ್ನು ಕಟ್ಟಿಹಾಕಿ, ಅನ್ನ ನೀರು ಕೊಡದೆ, ತಾನಾಗಿ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸಿನ ಗತಿ ಏನಾಯಿತೆಂದು ಮದ್ರಸದ ಮಕ್ಕಳಿಗೂ ಗೊತ್ತು. ಒಂಟೆಯನ್ನು ಮೊದಲು ಕಟ್ಟಬೇಕು, ಆಮೇಲೆ ತವಕ್ಕುಲ್ ಎಂಬ ಪಾಠವೂ ಗೊತ್ತು. ಇನ್‌ಶಾ ಅಲ್ಲಾಹ್ ಏನೂ ಆಗುವುದಿಲ್ಲ ಎಂದು ಕಾರಿನ ಬಾಗಿಲು ಹಾಕುವವರು ಆ ಪಾಠದ ಮೊದಲ ಅರ್ಧ ಮರೆತಿದ್ದಾರೆ.

ಯುಎಇಯಲ್ಲಿ ದುಡಿಯುವ ನಮ್ಮವರು ಅಲ್ಲಿ ಹೀಗೆ ಮಾಡುವುದಿಲ್ಲ. ಮಗುವನ್ನು ಕಾರಿನಲ್ಲಿ ಒಂಟಿಯಾಗಿ ಬಿಟ್ಟರೆ ವದೀಮಾ ಕಾನೂನಿನಡಿ ಜೈಲು ಅಥವಾ ದಂಡ ಎಂದು ಅವರಿಗೆ ಗೊತ್ತು. ಅದೇ ವ್ಯಕ್ತಿ ರಜೆಗೆ ಊರಿಗೆ ಬಂದು, ಬಾಡಿಗೆ ಕಾರಿನಲ್ಲಿ ಕುಟುಂಬವನ್ನು ಕೂರಿಸಿಕೊಂಡು ಹೋಗುವಾಗ ‘ಎರಡು ನಿಮಿಷ’ ಎನ್ನುತ್ತಾನೆ. ಪೊಲೀಸರಿಗೆ ಹೆದರಿ ಅಲ್ಲಿ ಕಾಪಾಡಿದ ಮಗುವನ್ನು ಇಲ್ಲಿ ಯಾರಿಗೂ ಹೆದರದೆಯೇ ಕಾಪಾಡಬಾರದೇ?

ಜಮಾಅತ್‌ಗಳಲ್ಲಿ ನನ್ನ ಕೋರಿಕೆ ಮೂರು. ಹೆದ್ದಾರಿ ಬದಿಯ ಪ್ರತಿಯೊಂದು ಮಸೀದಿಯಲ್ಲಿ, ಕರಾವಳಿಯಲ್ಲಾಗಲಿ ಬಯಲು ಸೀಮೆಯಲ್ಲಾಗಲಿ, ಪ್ರಯಾಣಿಕ ಮಹಿಳೆಯರಿಗೆ ಪ್ರತ್ಯೇಕ ಬಾಗಿಲಿರುವ ಒಂದು ಕೋಣೆ, ಒಂದು ಫ್ಯಾನು, ಒಂದು ಶೌಚಾಲಯ, ಕುಡಿಯುವ ನೀರು ಇರಲಿ. ಒಳಗಿನ ಹಾಲಿಗೆ ಇನ್ನೊಂದು ಎಸಿ ಹಾಕಿಸುವ ಮುನ್ನ ಈ ಕೋಣೆಯ ಕೆಲಸ ಆಗಲಿ. ಎರಡನೆಯದು, ವಾಹನ ನಿಲ್ಲಿಸುವ ಜಾಗಕ್ಕೆ ನೆರಳು. ಇವತ್ತಿಗೆ ತಗಡಿನ ಚಪ್ಪರವೋ ಹಸಿರು ಬಲೆಯೋ ಸಾಕು, ಜತೆಗೆ ಬೇವಿನ ಸಸಿ ನೆಟ್ಟರೆ ಕೆಲವು ವರ್ಷಗಳಲ್ಲಿ ಅದೇ ನೆರಳಾಗುತ್ತದೆ. ಮೂರನೆಯದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಜುಮಾಕ್ಕೆ ಮುಂಚೆ ‘ಮೊಬೈಲ್ ಆಫ್ ಮಾಡಿ’ ಎಂದು ಮೈಕಿನಲ್ಲಿ ಹೇಳುತ್ತೇವೆ. ಎಪ್ರಿಲ್, ಮೇ ತಿಂಗಳಲ್ಲಿ ಅದರ ಜತೆ ಇನ್ನೊಂದು ವಾಕ್ಯ ಸೇರಿಸಬೇಕು: ಯಾರ ಕಾರಿನಲ್ಲಾದರೂ ಮಕ್ಕಳಿದ್ದರೆ, ಹಿರಿಯರಿದ್ದರೆ ಈಗಲೇ ಹೋಗಿ ಇಳಿಸಿಕೊಂಡು ಬನ್ನಿ, ಜಮಾಅತ್ ನಿಮಗಾಗಿ ಎರಡು ನಿಮಿಷ ಕಾಯುತ್ತದೆ.